ಕರೆಂಟು ಹೋದಾಗ ವಾಲ್ವ್ ಎಲ್ಲಿ ನಿಲ್ಲಬೇಕು? ಸ್ಪ್ರಿಂಗ್ ವಾಲ್ವ್‌ಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೈಕಂಪಾಡಿಯ ವರ್ಕ್‌ಶಾಪ್‌ಗಳು, ಮಲ್ಪೆ ಮತ್ತು ಮಂಗಳೂರು ಧಕ್ಕೆಯ ಬೋಟುಗಳು, ಇಂಟರ್‌ಲಾಕ್ ಹಾಗೂ ಸಿಮೆಂಟ್ ಬ್ಲಾಕ್ ಘಟಕಗಳು, ಮನೆಯ ಬಾವಿಯ ಪಂಪು – ಹೈಡ್ರಾಲಿಕ್ ಮತ್ತು ಗಾಳಿ ಯಂತ್ರಗಳ ದುರಸ್ತಿಯಲ್ಲಿರುವ ನನಗೆ ಈ ಎಲ್ಲ ಕಡೆಗಳಿಂದ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಹೊಸ ವಾಲ್ವ್ ಕೊಳ್ಳಲು ಬರುವವರು ಮೊದಲು ಬೆಲೆ ಕೇಳುತ್ತಾರೆ, ಆಮೇಲೆ ಒತ್ತಡ ಎಷ್ಟು ತಡೆಯುತ್ತದೆ ಎಂದು ಕೇಳುತ್ತಾರೆ. ಯಾರೂ ಮುಟ್ಟದೆ ಇರುವಾಗ, ಕರೆಂಟು ಇಲ್ಲದಿರುವಾಗ ಅದು ಯಾವ ಸ್ಥಿತಿಯಲ್ಲಿ ನಿಲ್ಲುತ್ತದೆ ಎಂದು ಕೇಳುವವರು ಕಡಿಮೆ. ನನ್ನ ಪ್ರಕಾರ ಮೊದಲ ಪ್ರಶ್ನೆ ಅದೇ ಆಗಬೇಕು.

ಸ್ಪ್ರಿಂಗ್ ವಾಲ್ವ್ ಎಂದರೆ ಯಾವುದು? ಎಲ್ಲ ವಾಲ್ವ್‌ಗಳಲ್ಲೂ ಸ್ಪ್ರಿಂಗ್ ಇರುತ್ತದಲ್ಲವೇ?

ಹೆಚ್ಚಿನವುಗಳಲ್ಲಿ ಇರುತ್ತದೆ, ಆದರೆ ಕೆಲಸ ಬೇರೆ ಬೇರೆ. ಒತ್ತಡ ಮಿತಿಮೀರದಂತೆ ಕಾಯುವ ರಿಲೀಫ್ ವಾಲ್ವ್‌ನಲ್ಲಿ ಸ್ಪ್ರಿಂಗ್ ಒತ್ತಡವನ್ನು ನಿರ್ಧರಿಸುತ್ತದೆ. ಈ ಪುಟದಲ್ಲಿ ಹೇಳುತ್ತಿರುವುದು ಎಣ್ಣೆ, ಗಾಳಿ ಅಥವಾ ನೀರು ಯಾವ ಕಡೆಗೆ ಹೋಗಬೇಕು ಎಂದು ನಿರ್ಧರಿಸುವ ವಾಲ್ವ್‌ಗಳ ಬಗ್ಗೆ. ಅವುಗಳಲ್ಲಿ ಎರಡು ಬಗೆ. ನಾನ್ ರಿಟರ್ನ್ ವಾಲ್ವ್ ಯಾರ ಅಪ್ಪಣೆಗೂ ಕಾಯದೆ ಒಂದೇ ದಿಕ್ಕಿಗೆ ಹರಿಯಲು ಬಿಡುತ್ತದೆ. ವರ್ಕ್‌ಶಾಪಿನಲ್ಲಿ ಡಿಸಿವಿ ಎಂದು ಕರೆಯುವ ದಿಕ್ಕು ನಿಯಂತ್ರಣ ವಾಲ್ವ್‌ಗೆ ಹೊರಗಿನಿಂದ ಅಪ್ಪಣೆ ಬೇಕು. ಕೈಯ ಲಿವರ್, ಕಾಲಿನ ಪೆಡಲ್, ಸೊಲೆನಾಯ್ಡ್ ಕಾಯಿಲ್ (ಕರೆಂಟು ಕೊಟ್ಟಾಗ ಅಯಸ್ಕಾಂತವಾಗುವ ತಂತಿಯ ಸುರುಳಿ) ಅಥವಾ ಪೈಲಟ್ ಒತ್ತಡ (ಸಣ್ಣ ದಾರಿಯಿಂದ ಅಪ್ಪಣೆಯಾಗಿ ಬರುವ ಎಣ್ಣೆ ಅಥವಾ ಗಾಳಿಯ ಒತ್ತಡ) ಅದರೊಳಗಿನ ಸ್ಪೂಲನ್ನು ಒಂದು ಕಡೆಗೆ ತಳ್ಳುತ್ತದೆ. ಆ ತಳ್ಳುವಿಕೆ ನಿಂತ ಕ್ಷಣ ಸ್ಪೂಲನ್ನು ಮೂಲ ಸ್ಥಾನಕ್ಕೆ ತರುವುದು ಸ್ಪ್ರಿಂಗ್.

ಸ್ಪೂಲ್ ಎಂದರೆ ನಯವಾಗಿ ಉಜ್ಜಿದ ಉಕ್ಕಿನ ಸರಳು. ಅದರ ಮೇಲೆ ಅಲ್ಲಲ್ಲಿ ಸುತ್ತಲೂ ಕೊರೆದ ತೋಡುಗಳಿರುತ್ತವೆ. ಅದು ಕೆಲವು ಮಿಲಿಮೀಟರ್ ಸರಿದರೆ ಸಾಕು, ಪಂಪಿನಿಂದ ಬರುವ ಎಣ್ಣೆ, ಯಂತ್ರದ ಭಾಗವನ್ನು ತಳ್ಳುವ ಸಿಲಿಂಡರಿನ ಈ ಬದಿಯ ಬದಲು ಆ ಬದಿಗೆ ಹೋಗುತ್ತದೆ.

5/2, 4/3 ಎಂದು ಬರೆದಿರುತ್ತಾರೆ. ಅದನ್ನು ಓದುವುದು ಹೇಗೆ?

ಮೊದಲ ಅಂಕಿ ಪೋರ್ಟುಗಳ, ಅಂದರೆ ಎಣ್ಣೆ ಅಥವಾ ಗಾಳಿ ಒಳಬರುವ, ಹೊರಹೋಗುವ ಕಿಂಡಿಗಳ ಸಂಖ್ಯೆ, ಎರಡನೆಯದು ಸ್ಪೂಲ್ ನಿಲ್ಲಬಲ್ಲ ಸ್ಥಾನಗಳ ಸಂಖ್ಯೆ. ಒಂದೇ ಬದಿಯಿಂದ ಗಾಳಿ ಪಡೆಯುವ ಸಿಲಿಂಡರಿಗೆ 3/2 ಸಾಕು. ಎರಡೂ ಬದಿಯಿಂದ ಗಾಳಿ ಬೇಕಾದ ಸಿಲಿಂಡರಿಗೆ 5/2. ಹೈಡ್ರಾಲಿಕ್‌ನಲ್ಲಿ ಸಾಮಾನ್ಯವಾಗಿ 4/2 ಅಥವಾ 4/3. ಪಂಪಿನ ಪೋರ್ಟ್ ಪಿ, ಟ್ಯಾಂಕಿಗೆ ಹೋಗುವುದು ಟಿ, ಸಿಲಿಂಡರಿಗೆ ಹೋಗುವವು ಎ ಮತ್ತು ಬಿ.

ವಾಲ್ವ್‌ನ ಮೇಲೆ ಚಿಕ್ಕ ಚೌಕಗಳ ಚಿತ್ರವಿರುತ್ತದೆ. ಒಂದೊಂದು ಚೌಕ ಒಂದೊಂದು ಸ್ಥಾನ. ಪಕ್ಕದಲ್ಲಿ ಅಂಕುಡೊಂಕಾದ ಗೆರೆ ಕಂಡರೆ ಅದು ಸ್ಪ್ರಿಂಗ್. ಎರಡು ಸ್ಥಾನಗಳ ವಾಲ್ವ್‌ನಲ್ಲಿ ಸ್ಪ್ರಿಂಗಿಗೆ ಅಂಟಿಕೊಂಡ ಚೌಕವೇ ವಿಶ್ರಾಂತಿಯ ಸ್ಥಾನ. ಮೂರು ಸ್ಥಾನಗಳಿದ್ದು ಎರಡೂ ಬದಿಗೆ ಸ್ಪ್ರಿಂಗ್ ಇದ್ದರೆ ನಡುವಿನ ಚೌಕ. ಈ ಒಂದು ಚಿತ್ರ ಓದಲು ಕಲಿತವರಿಗೆ ಅರ್ಧ ಯಂತ್ರ ಅರ್ಥವಾದಂತೆಯೇ. ಆದ್ದರಿಂದ ಹೊಸದಾಗಿ ಸೇರುವ ಹುಡುಗರಿಗೆ ನಾನು ಸ್ಪ್ಯಾನರ್ ಕೊಡುವ ಮುಂಚೆ ಇದನ್ನು ಕಲಿಸುತ್ತೇನೆ.

ಮಳೆಗಾಲದಲ್ಲಿ ದಿನಕ್ಕೆ ಹಲವು ಸಲ ಕರೆಂಟು ಹೋಗುತ್ತದೆ. ಒಂದು ಕಾಯಿಲ್ ಮತ್ತು ಸ್ಪ್ರಿಂಗ್ ಇರುವುದನ್ನು ಹಾಕಲೋ, ಎರಡು ಕಾಯಿಲ್‌ನದ್ದನ್ನೋ?

ಯಂತ್ರ ಏನು ಮಾಡುತ್ತದೆ ಎಂಬುದರ ಮೇಲೆ ಉತ್ತರ ನಿಂತಿದೆ. ಒಂದು ಕಾಯಿಲ್ ಮತ್ತು ಸ್ಪ್ರಿಂಗ್ ಇರುವ ವಾಲ್ವ್ ಕರೆಂಟು ಹೋದ ಕೂಡಲೇ ಮೂಲ ಸ್ಥಾನಕ್ಕೆ ಮರಳುತ್ತದೆ. ಎರಡು ಕಾಯಿಲ್ ಇದ್ದು ಸ್ಪ್ರಿಂಗ್ ಇಲ್ಲದ ವಾಲ್ವ್ ಕೊನೆಯ ಅಪ್ಪಣೆಯಲ್ಲೇ ನಿಂತುಬಿಡುತ್ತದೆ.

ಡ್ರಿಲ್ಲಿಂಗ್ ಯಂತ್ರದಲ್ಲಿ ಗಾಳಿಯ ಕ್ಲಾಂಪ್ ಒಂದು ಲೋಹದ ತುಂಡನ್ನು ಹಿಡಿದಿದೆ ಎಂದುಕೊಳ್ಳಿ. ಕರೆಂಟು ಹೋಯಿತು, ಡ್ರಿಲ್ ಇನ್ನೂ ತಿರುಗುತ್ತಿದೆ. ಸ್ಪ್ರಿಂಗ್ ವಾಲ್ವ್ ಕ್ಲಾಂಪನ್ನು ಬಿಡಿಸುವಂತೆ ಪೈಪು ಜೋಡಿಸಿದ್ದರೆ ತುಂಡು ಹಾರಿ ಬರುತ್ತದೆ. ಅಲ್ಲಿ ಸ್ಪ್ರಿಂಗಿನ ಸ್ಥಾನದಲ್ಲಿ ಕ್ಲಾಂಪ್ ಬಿಗಿಯಾಗುವಂತೆ ಜೋಡಿಸಬೇಕು, ಇಲ್ಲವೇ ಎರಡು ಕಾಯಿಲ್‌ನ ವಾಲ್ವ್ ಹಾಕಬೇಕು. ಇದರ ಜೊತೆಗೆ ಗಾಳಿಯ ಒತ್ತಡವೇ ಇಳಿದರೂ ಹಿಡಿತ ಉಳಿಯುವಂತೆ ಕ್ಲಾಂಪಿನ ಹತ್ತಿರ ಒಂದು ನಾನ್ ರಿಟರ್ನ್ ವಾಲ್ವ್ ಬೇಕು. ತಳ್ಳುವ, ಕತ್ತರಿಸುವ, ಮುಂದಕ್ಕೆ ಚಾಚುವ ಸಿಲಿಂಡರುಗಳಲ್ಲಿ ಇದಕ್ಕೆ ವಿರುದ್ಧ. ಅವು ಹಿಂದಕ್ಕೆ ಸರಿಯುವುದು ಕ್ಷೇಮ, ಹಾಗಾಗಿ ಸ್ಪ್ರಿಂಗ್ ವಾಲ್ವ್ ಸರಿ.

ಕರೆಂಟು ಮರಳಿ ಬಂದಾಗ ಏನಾಗುತ್ತದೆ ಎಂಬುದನ್ನೂ ನೋಡಿ. ಯಂತ್ರ ತಾನಾಗಿಯೇ ಚಲಿಸಬಾರದು, ಯಾರಾದರೂ ಬಂದು ಬಟನ್ ಒತ್ತಿದ ಮೇಲೆಯೇ ಚಲಿಸಬೇಕು. ಅದಕ್ಕೆ ವಾಲ್ವ್ ಒಂದೇ ಸಾಲದು, ಪ್ಯಾನೆಲ್‌ನಲ್ಲಿ ಆ ಏರ್ಪಾಡು ಇರಬೇಕು.

ಬೋಟಿನ ವಿಂಚ್ ಲಿವರ್ ಕೈಬಿಟ್ಟರೆ ನಡುವಿಗೆ ಬರುತ್ತದೆ. ಬಲೆ ಎಳೆಯುವಾಗ ಹಿಡಿದು ಹಿಡಿದು ಕೈ ನೋಯುತ್ತದೆ. ಹಗ್ಗದಿಂದ ಕಟ್ಟಿದರೆ ಏನು ತೊಂದರೆ?

ದಯವಿಟ್ಟು ಕಟ್ಟಬೇಡಿ. ಆ ಸ್ಪ್ರಿಂಗ್ ಇರುವುದೇ ನಿಮ್ಮ ಕೈ ಬಿಟ್ಟುಹೋದ ಗಳಿಗೆಗಾಗಿ. ಮೀನಿನ ಹಿಂಡನ್ನು ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟಿನಲ್ಲಿ ಹಗ್ಗ ಡ್ರಮ್ಮಿಗೆ ಸುತ್ತಿಕೊಳ್ಳುತ್ತಿರುವಾಗ ಒದ್ದೆ ಡೆಕ್ಕಿನ ಮೇಲೆ ಒಬ್ಬರ ಕಾಲು ಜಾರಬಹುದು, ಅಂಗಿಯ ತೋಳು ಹಗ್ಗಕ್ಕೆ ಸಿಲುಕಬಹುದು. ಲಿವರ್ ಬಿಟ್ಟ ಕೂಡಲೇ ಡ್ರಮ್ ತಿರುಗಿಸುವ ಹೈಡ್ರಾಲಿಕ್ ಮೋಟಾರಿಗೆ ಎಣ್ಣೆ ನಿಲ್ಲುತ್ತದೆ, ಡ್ರಮ್ ನಿಲ್ಲುತ್ತದೆ. ಲಿವರನ್ನು ಕಟ್ಟಿಹಾಕಿದರೆ ಗಂಟು ಬಿಚ್ಚುವವರೆಗೂ ಡ್ರಮ್ ತಿರುಗುತ್ತಲೇ ಇರುತ್ತದೆ. ಹಗ್ಗ ಕಟ್ಟಿದ ಲಿವರ್ ಕಂಡರೆ ನಾನು ಬಿಚ್ಚಿದ ಮೇಲೆಯೇ ಉಳಿದ ಕೆಲಸ ನೋಡುತ್ತೇನೆ. ಯಾರಿಗೆ ಬೇಸರವಾದರೂ ಸರಿಯೇ.

ಕೈ ನೋಯುವುದು ನಿಜವಾದ ಕಷ್ಟ, ಅದಕ್ಕೆ ಬೇರೆ ದಾರಿಗಳಿವೆ. ಲಿವರಿನ ಉದ್ದ ಹೆಚ್ಚಿಸಬಹುದು, ನಿಲ್ಲುವ ಜಾಗಕ್ಕೆ ಹತ್ತಿರವಾಗುವಂತೆ ವಾಲ್ವ್ ಸರಿಸಬಹುದು. ಲಿವರ್ ಬಿಟ್ಟ ಜಾಗದಲ್ಲೇ ಕಚ್ಚಿ ನಿಲ್ಲುವ ಡಿಟೆಂಟ್ ಬಗೆಯ ವಾಲ್ವ್ ಕೂಡ ಸಿಗುತ್ತದೆ. ಆದರೆ ಮನುಷ್ಯರು ಹಗ್ಗದ ಹತ್ತಿರ ನಿಲ್ಲುವ ಕೆಲಸಕ್ಕೆ ಅದು ಬೇಡ. ಇನ್ನೊಂದು ಮಾತು: ನಮ್ಮ ಬೋಟುಗಳಲ್ಲಿ ಒಡಿಶಾ, ಜಾರ್ಖಂಡ್, ಆಂಧ್ರದಿಂದ ಬಂದವರೂ ದುಡಿಯುತ್ತಾರೆ. ಲಿವರಿನ ಬಳಿ ಕನ್ನಡದಲ್ಲಿ ಬರೆದರೆ ಸಾಲದು. ಡ್ರಮ್ ಯಾವ ಕಡೆ ತಿರುಗುತ್ತದೆ ಎಂದು ದಪ್ಪ ಬಾಣದ ಗುರುತು ಹಾಕಿ.

ಲಿವರ್ ನಡುವಿಗೆ ಬಂದರೂ ಡ್ರಮ್ ಮೆಲ್ಲನೆ ಹಿಂದಕ್ಕೆ ಜಾರುತ್ತದೆ. ಸ್ಪ್ರಿಂಗ್ ಸೋತಿದೆಯೇ?

ಸಾಮಾನ್ಯವಾಗಿ ಅಲ್ಲ. ಹೈಡ್ರಾಲಿಕ್ ಮೋಟಾರಿನೊಳಗೆ ಸ್ವಲ್ಪ ಸೋರಿಕೆ ಹೊಸತರಲ್ಲೂ ಇರುತ್ತದೆ. ಸ್ಪೂಲ್ ಮತ್ತು ಅದರ ರಂಧ್ರದ ನಡುವೆಯೂ ಎಣ್ಣೆಯ ತೆಳು ಪದರ ಹಾದುಹೋಗುತ್ತದೆ. ಸ್ಪೂಲ್ ವಾಲ್ವ್ ಹರಿವನ್ನು ತಿರುಗಿಸಲು ಇರುವುದು, ಭಾರವನ್ನು ಗಂಟೆಗಟ್ಟಲೆ ಹಿಡಿದಿಡಲು ಅಲ್ಲ. ಭಾರ ಹಿಡಿಯಲು ಬ್ರೇಕ್ ಬೇಕು. ಒಳ್ಳೆಯ ವಿಂಚ್‌ಗಳಲ್ಲಿ ಸ್ಪ್ರಿಂಗಿನಿಂದ ಬಿಗಿಯಾಗುವ, ಎಣ್ಣೆಯ ಒತ್ತಡ ಬಂದಾಗ ಸಡಿಲವಾಗುವ ಬ್ರೇಕ್ ಇರುತ್ತದೆ. ಲಾರಿಗಳ ಏರ್ ಬ್ರೇಕಿನಲ್ಲಿ ಗಾಳಿ ಸೋರಿಹೋದರೆ ಪಾರ್ಕಿಂಗ್ ಬ್ರೇಕ್ ತಾನೇ ಹಿಡಿಯುವುದೂ ಇದೇ ತತ್ವದಿಂದ.

ಜಾರುವಿಕೆ ದಿನದಿಂದ ದಿನಕ್ಕೆ ಹೆಚ್ಚುತ್ತಿದ್ದರೆ ಮೋಟಾರ್ ಮತ್ತು ಸ್ಪೂಲ್ ಎರಡೂ ಸವೆದಿರುವ ಸಾಧ್ಯತೆ ಇದೆ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಅವಧಿ ಇದನ್ನೆಲ್ಲ ಬಿಚ್ಚಿ ನೋಡಲು ಸರಿಯಾದ ಕಾಲ. ಟ್ಯಾಂಕಿನ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದರ್ಥ. ಅದು ಉಪ್ಪುನೀರಾಗಿದ್ದರೆ ಸ್ಪೂಲ್ ಮತ್ತು ಸ್ಪ್ರಿಂಗ್ ಬೇಗ ತುಕ್ಕು ಹಿಡಿಯುತ್ತವೆ. ಆ ಎಣ್ಣೆಯನ್ನು ಎರಡು ತಿಂಗಳು ಹಾಗೆಯೇ ನಿಲ್ಲಲು ಬಿಟ್ಟು ಆಗಸ್ಟ್‌ನಲ್ಲಿ ನೋಡೋಣ ಎನ್ನಬೇಡಿ. ಬೋಟು ದಡ ಸೇರಿದ ವಾರದಲ್ಲೇ ಖಾಲಿ ಮಾಡಿ ಹೊಸ ಎಣ್ಣೆ ತುಂಬಿ, ಎಲ್ಲ ಲಿವರ್‌ಗಳನ್ನೂ ಕೆಲವು ಸಲ ಆಡಿಸಿ ಇಡಿ.

ಬ್ಲಾಕ್ ಯಂತ್ರಕ್ಕೆ ಹೊಸ ವಾಲ್ವ್ ಹಾಕಿದ ಮೇಲೆ ಎಣ್ಣೆ ವಿಪರೀತ ಕಾಯುತ್ತಿದೆ. ನೋಡಲು ಹಳೆಯದರಂತೆಯೇ ಇದೆ.

ಹೊರಗಿನಿಂದ ಒಂದೇ ತರಹ ಕಾಣುವ ಎರಡು ವಾಲ್ವ್‌ಗಳ ಒಳಗೆ ಬೇರೆ ಬೇರೆ ಸ್ಪೂಲ್ ಇರಬಹುದು. ಸ್ಪ್ರಿಂಗ್ ಸ್ಪೂಲನ್ನು ನಡುವಿಗೆ ತಂದು ನಿಲ್ಲಿಸುತ್ತದೆ, ಸರಿ. ಆ ನಡುವಿನ ಸ್ಥಾನದಲ್ಲಿ ಯಾವ ಪೋರ್ಟ್ ಯಾವುದಕ್ಕೆ ತೆರೆದಿದೆ? ನಾಲ್ಕೂ ಮುಚ್ಚಿರಬಹುದು. ನಾಲ್ಕೂ ಒಂದಕ್ಕೊಂದು ತೆರೆದಿರಬಹುದು. ಪಿ ಮತ್ತು ಟಿ ಮಾತ್ರ ಸೇರಿ ಎ, ಬಿ ಮುಚ್ಚಿರಬಹುದು; ಇದನ್ನು ಟ್ಯಾಂಡೆಮ್ ಸೆಂಟರ್ ಎನ್ನುತ್ತಾರೆ. ಪಿ ಮುಚ್ಚಿ ಎ, ಬಿ ಎರಡೂ ಟ್ಯಾಂಕಿಗೆ ತೆರೆದಿರಬಹುದು.

ನಿಮ್ಮ ಯಂತ್ರದಲ್ಲಿ ಒಂದೇ ಸಮನೆ ಎಣ್ಣೆ ತಳ್ಳುವ ಗೇರ್ ಪಂಪ್ ಇದ್ದು, ಹಳೆಯ ವಾಲ್ವ್ ಟ್ಯಾಂಡೆಮ್ ಆಗಿದ್ದರೆ, ಯಂತ್ರ ಸುಮ್ಮನಿರುವಾಗ ಎಣ್ಣೆ ಸಲೀಸಾಗಿ ಟ್ಯಾಂಕಿಗೆ ಮರಳುತ್ತಿತ್ತು. ಹೊಸದು ಪೂರ್ತಿ ಮುಚ್ಚಿದ ಬಗೆಯಾಗಿದ್ದರೆ ಆ ಎಣ್ಣೆಗೆ ರಿಲೀಫ್ ವಾಲ್ವ್ ಒಂದೇ ದಾರಿ. ಲೆಕ್ಕ ಹಾಕಿ ನೋಡಿ: ಒತ್ತಡವನ್ನು ಬಾರ್‌ನಲ್ಲಿ, ಹರಿವನ್ನು ನಿಮಿಷಕ್ಕೆ ಲೀಟರಿನಲ್ಲಿ ತೆಗೆದುಕೊಂಡು ಗುಣಿಸಿ 600ರಿಂದ ಭಾಗಿಸಿದರೆ ಕಿಲೋವ್ಯಾಟ್ ಸಿಗುತ್ತದೆ. 150 ಬಾರ್, 40 ಲೀಟರ್ ಎಂದರೆ 10 ಕಿಲೋವ್ಯಾಟ್, ಅಷ್ಟೂ ಶಾಖವಾಗಿ ಎಣ್ಣೆಗೇ ಸೇರುತ್ತದೆ. ಹೊರಗೆ ಹೋಗುವ ಶಾಖವನ್ನು ಬಿಟ್ಟು ಲೆಕ್ಕ ಹಾಕಿದರೆ 200 ಲೀಟರಿನ ಟ್ಯಾಂಕು ಹತ್ತು–ಹನ್ನೆರಡು ನಿಮಿಷದಲ್ಲಿ 20 ಡಿಗ್ರಿ ಏರುತ್ತದೆ. ಏಪ್ರಿಲ್ ತಿಂಗಳ ನಮ್ಮ ಸೆಕೆಯಲ್ಲಿ ಕೂಲರ್ ಇಲ್ಲದ ಯಂತ್ರ ಮಧ್ಯಾಹ್ನದ ಹೊತ್ತಿಗೆ ಮುಟ್ಟಲಾಗದಂತೆ ಕಾದಿರುತ್ತದೆ. ಎಣ್ಣೆ ತೆಳುವಾಗಿ ಸೋರಿಕೆ ಹೆಚ್ಚುತ್ತದೆ, ಸೀಲುಗಳು ಗಟ್ಟಿಯಾಗುತ್ತವೆ.

ಆದ್ದರಿಂದ ಹಳೆಯ ವಾಲ್ವ್‌ನ ತಗಡಿನ ಮೇಲಿನ ಕೋಡ್ ಬರೆದುಕೊಳ್ಳದೆ ಅಂಗಡಿಗೆ ಹೋಗಬೇಡಿ. ಉದಾಹರಣೆಗೆ ಯೂಕೆನ್ ಕಂಪನಿಯ ಡಿಎಸ್‌ಜಿ ಸರಣಿಯಲ್ಲಿ 3ಸಿ2 ಎಂದರೆ ಮೂರು ಸ್ಥಾನ, ಸ್ಪ್ರಿಂಗಿನಿಂದ ನಡುವಿಗೆ, ನಾಲ್ಕೂ ಪೋರ್ಟ್ ಮುಚ್ಚಿದ ಸ್ಪೂಲ್. 3ಸಿ60 ಟ್ಯಾಂಡೆಮ್. 2ಬಿ2 ಎಂದರೆ ಎರಡು ಸ್ಥಾನ, ಸ್ಪ್ರಿಂಗಿನಿಂದ ಒಂದು ಬದಿಗೆ. 2ಡಿ2 ಎಂದರೆ ಡಿಟೆಂಟ್, ಅಂದರೆ ಮೂಲ ಸ್ಥಾನಕ್ಕೆ ಮರಳುವುದೇ ಇಲ್ಲ. ಒಂದು ಅಕ್ಷರ ತಪ್ಪಿದರೆ ಯಂತ್ರದ ಸ್ವಭಾವವೇ ಬದಲಾಗುತ್ತದೆ. ಬೇರೆ ಕಂಪನಿಗಳ ಅಕ್ಷರಗಳು ಬೇರೆ. ಆದರೆ ಅಳತೆ 6, ಅಳತೆ 10 ಎಂಬ ಬುಡದ ರಂಧ್ರಗಳ ವಿನ್ಯಾಸ ಅಂತರರಾಷ್ಟ್ರೀಯ ಮಾನದಂಡದಂತೆ ಒಂದೇ ಆಗಿರುವುದರಿಂದ ಯಾರದ್ದನ್ನು ಬೇಕಾದರೂ ಯಾರದ್ದರ ಮೇಲೂ ಕೂರಿಸಬಹುದು. ತಪ್ಪಾಗುವುದೂ ಅದರಿಂದಲೇ.

ಅದೇ ಯಂತ್ರದಲ್ಲಿ ಎತ್ತಿ ನಿಲ್ಲಿಸಿದ ಅಚ್ಚು ಇಳಿಯುತ್ತಿದೆ. ಪೈಲಟ್ ಚೆಕ್ ವಾಲ್ವ್ ಹಾಕಿದರೂ ನಿಲ್ಲುತ್ತಿಲ್ಲ.

ಇದು ಬಹಳ ಕಡೆ ಕಾಣುವ ತಪ್ಪು. ಪೈಲಟ್ ಚೆಕ್ ವಾಲ್ವ್ ಎಂದರೆ ಪೈಲಟ್ ಒತ್ತಡ ಬಂದಾಗ ಮಾತ್ರ ಹಿಂದಕ್ಕೂ ಹರಿಯಲು ಬಿಡುವ ನಾನ್ ರಿಟರ್ನ್ ವಾಲ್ವ್. ಅದು ತನ್ನ ಸ್ಪ್ರಿಂಗಿನಿಂದ ಗಟ್ಟಿಯಾಗಿ ಮುಚ್ಚಿಕೊಳ್ಳಬೇಕಾದರೆ ಅದರ ಪೈಲಟ್ ಲೈನಿನಲ್ಲಿ ಒತ್ತಡ ಉಳಿದಿರಬಾರದು. ದಿಕ್ಕು ನಿಯಂತ್ರಣ ವಾಲ್ವ್ ನಡುವಿನ ಸ್ಥಾನದಲ್ಲಿ ಎ, ಬಿಗಳನ್ನು ಮುಚ್ಚುವ ಬಗೆಯಾಗಿದ್ದರೆ ಒತ್ತಡ ಅಲ್ಲೇ ಸಿಕ್ಕಿಹಾಕಿಕೊಂಡು ಚೆಕ್ ವಾಲ್ವ್ ಸ್ವಲ್ಪ ತೆರೆದೇ ಇರುತ್ತದೆ. ನಡುವಿನ ಸ್ಥಾನದಲ್ಲಿ ಎ, ಬಿ ಎರಡೂ ಟ್ಯಾಂಕಿಗೆ ತೆರೆಯುವ ಸ್ಪೂಲ್ ಹಾಕಿ, ಸಮಸ್ಯೆ ಬಗೆಹರಿಯುತ್ತದೆ. ಚೆಕ್ ವಾಲ್ವನ್ನು ಸಿಲಿಂಡರಿನ ಮೇಲೆಯೇ ಕೂರಿಸಿ. ದೂರದಲ್ಲಿಟ್ಟರೆ ನಡುವಿನ ಹೋಸ್ ಒಡೆದ ದಿನ ಅದು ಏನನ್ನೂ ಹಿಡಿಯುವುದಿಲ್ಲ. ಭಾರವನ್ನು ನಿಯಂತ್ರಣದಲ್ಲಿ ಇಳಿಸಬೇಕಾದ ಕಡೆ ಚೆಕ್ ವಾಲ್ವ್ ಜರ್ಕ್ ಕೊಡುತ್ತದೆ, ಅಲ್ಲಿ ಕೌಂಟರ್‌ಬ್ಯಾಲೆನ್ಸ್ ವಾಲ್ವ್ ಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಅಚ್ಚಿನ ಕೆಳಗೆ ಕೈ ಹಾಕುವ ಮುಂಚೆ ಕಬ್ಬಿಣದ ಆಧಾರ ಕೊಟ್ಟೇ ಹಾಕಿ. ಎಣ್ಣೆಯನ್ನು ನಂಬಿ ಭಾರದ ಕೆಳಗೆ ಯಾರೂ ಹೋಗಬಾರದು.

ಕಾಯಿಲ್ ಆಫ್ ಮಾಡಿದರೂ ಸ್ಪೂಲ್ ಹಿಂದಕ್ಕೆ ಬರುವುದಿಲ್ಲ. ಸ್ಪ್ರಿಂಗ್ ಬದಲಿಸಲೇ?

ಸ್ಪ್ರಿಂಗನ್ನು ದೂರುವ ಮೊದಲು ಇಷ್ಟನ್ನು ನೋಡಿ. ವಾಲ್ವ್‌ನ ತುದಿಯಲ್ಲಿ ಕೈಯಿಂದ ಒತ್ತುವ ಪಿನ್ ಇರುತ್ತದೆ. ಯಂತ್ರ ಚಲಿಸಿದರೆ ಯಾರಿಗೂ ಅಪಾಯವಿಲ್ಲ ಎಂದು ಖಚಿತಪಡಿಸಿಕೊಂಡು ಅದನ್ನು ಒತ್ತಿ ಬಿಡಿ. ಪಟ್ಟನೆ ಮರಳಿದರೆ ಸ್ಪ್ರಿಂಗ್ ಮತ್ತು ಸ್ಪೂಲ್ ಚೆನ್ನಾಗಿವೆ, ದೋಷ ವಿದ್ಯುತ್ತಿನ ಕಡೆಗಿದೆ. ಒತ್ತಿದ್ದು ಒಳಗೇ ಉಳಿದರೆ ಸ್ಪೂಲ್ ಸಿಕ್ಕಿಕೊಂಡಿದೆ.

ಸಿಕ್ಕಿಕೊಳ್ಳಲು ಮುಖ್ಯ ಕಾರಣ ಕೊಳೆ. ಸ್ಪೂಲ್ ಮತ್ತು ರಂಧ್ರದ ನಡುವಿನ ಅಂತರ ಕೆಲವೇ ಮೈಕ್ರಾನ್, ತಲೆಗೂದಲಿನ ದಪ್ಪದ ಹತ್ತನೇ ಒಂದು ಭಾಗದಷ್ಟು. ಒತ್ತಡದಲ್ಲಿ ಗಂಟೆಗಟ್ಟಲೆ ಅಲುಗದೆ ನಿಂತ ಸ್ಪೂಲಿನ ಸುತ್ತ ಸೂಕ್ಷ್ಮ ಕಣಗಳು ತುಂಬಿಕೊಂಡು ಅದನ್ನು ಕಚ್ಚಿ ಹಿಡಿಯುತ್ತವೆ. ಸಿಮೆಂಟ್ ಧೂಳಿನ ನಡುವೆ ಇರುವ ಬ್ಲಾಕ್ ಯಂತ್ರಗಳಲ್ಲಿ ಟ್ಯಾಂಕಿನ ಗಾಳಿಕಿಂಡಿಯ ಫಿಲ್ಟರ್ ಹರಿದಿದ್ದರೆ ಇದು ಆಗಿಯೇ ಆಗುತ್ತದೆ. ಎರಡನೆಯ ಕಾರಣ ಬೋಲ್ಟುಗಳನ್ನು ಅತಿಯಾಗಿ ಬಿಗಿಯುವುದು. ಅಳತೆ 6ರ ವಾಲ್ವ್ ಕೂರುವುದು ನಾಲ್ಕು ಎಂ5 ಬೋಲ್ಟುಗಳ ಮೇಲೆ. ಉದ್ದ ಹಿಡಿಕೆ ಹಾಕಿ ಬಿಗಿದರೆ ವಾಲ್ವ್‌ನ ಮೈಯೇ ಸೊಟ್ಟಗಾಗಿ ಸ್ಪೂಲ್ ಬಿಗಿಯುತ್ತದೆ. ಕ್ಯಾಟಲಾಗಿನಲ್ಲಿ ಕೊಟ್ಟಿರುವ ಟಾರ್ಕಿನಲ್ಲಿ, ಎದುರುಬದುರಾಗಿ ಬಿಗಿಯಿರಿ.

ಮೂರನೆಯದು ಹೆಚ್ಚಿನವರಿಗೆ ಹೊಳೆಯುವುದಿಲ್ಲ. ಹರಿವು ತೀರಾ ಹೆಚ್ಚಿದ್ದರೆ ಹರಿಯುವ ಎಣ್ಣೆಯೇ ಸ್ಪೂಲನ್ನು ಒಂದು ಕಡೆಗೆ ತಳ್ಳುತ್ತಿರುತ್ತದೆ, ಸ್ಪ್ರಿಂಗಿನ ಬಲ ಅದಕ್ಕೆ ಸಾಲದಾಗುತ್ತದೆ. ಕ್ಯಾಟಲಾಗಿನಲ್ಲಿ ಒತ್ತಡ ಮತ್ತು ಹರಿವಿನ ಮಿತಿಯ ಗೆರೆ ಎಳೆದಿರುತ್ತಾರೆ. ನಾಲ್ಕು ಪೋರ್ಟುಗಳ ವಾಲ್ವ್‌ನ ಒಂದು ಪೋರ್ಟಿಗೆ ಬಿರಡೆ ಹಾಕಿ ಮೂರು ಪೋರ್ಟಿನದ್ದರಂತೆ ಬಳಸಿದರೆ ಆ ಮಿತಿ ಇನ್ನೂ ಬಹಳ ಕೆಳಗಿಳಿಯುತ್ತದೆ. ಹೊಸ ವಾಲ್ವ್ ಕೂಡ ಮರಳುತ್ತಿಲ್ಲ ಎಂದು ಬರುವವರಲ್ಲಿ ಇಂಥವರೂ ಇರುತ್ತಾರೆ.

ಸ್ಪ್ರಿಂಗನ್ನು ಸ್ವಲ್ಪ ಎಳೆದು ಉದ್ದ ಮಾಡಿ, ಅಥವಾ ಹಿಂದೆ ವಾಷರ್ ಇಟ್ಟು ಹಾಕಬಹುದೇ?

ಬೇಡ. ಕಾಯಿಲ್‌ನ ಬಲ ಮತ್ತು ಸ್ಪ್ರಿಂಗಿನ ಬಲ ಒಂದಕ್ಕೊಂದು ಅಳೆದು ಇಟ್ಟಿರುವಂಥವು. ಸ್ಪ್ರಿಂಗ್ ಬಿಗಿಯಾದರೆ ಸ್ಪೂಲ್ ಪೂರ್ತಿ ಸರಿಯುವುದಿಲ್ಲ. ಎಸಿ ಕಾಯಿಲ್ ಆಗಿದ್ದರೆ ಒಳಗಿನ ಕೋರ್ ಕೊನೆಯವರೆಗೆ ತಲುಪದೆ ಆರಂಭದ ಭಾರಿ ಕರೆಂಟು ಹಾಗೆಯೇ ಹರಿದು ನಿಮಿಷಗಳಲ್ಲಿ ಸುಟ್ಟುಹೋಗುತ್ತದೆ. ವೋಲ್ಟೇಜ್ ಇಳಿದಾಗ ಆಗುವುದೂ ಇದೇ. ಡಿಸಿ ಕಾಯಿಲ್‌ಗೆ ಈ ತೊಂದರೆ ಇಲ್ಲ. ಹಾಗಾಗಿ ಹೊಸ ಯಂತ್ರಕ್ಕೆ 24 ವೋಲ್ಟ್ ಡಿಸಿಯನ್ನೇ ನಾನು ಸೂಚಿಸುತ್ತೇನೆ. ಎಸಿ ಕಾಯಿಲನ್ನು ವಾಲ್ವ್‌ನಿಂದ ಹೊರಗೆ ತೆಗೆದು ಕರೆಂಟು ಕೊಟ್ಟು ಪರೀಕ್ಷಿಸುವುದೂ ಬೇಡ, ಕೋರ್ ಇಲ್ಲದೆ ಅದು ಸುಡುತ್ತದೆ.

ಗಾಳಿಯ ವಾಲ್ವ್ ಬೆಳಿಗ್ಗೆ ಕೆಲಸ ಮಾಡುವುದಿಲ್ಲ, ಸ್ವಲ್ಪ ಹೊತ್ತಾದ ಮೇಲೆ ಸರಿಯಾಗುತ್ತದೆ. ಏಕೆ?

ಚಿಕ್ಕ ಕಾಯಿಲ್ ಇರುವ ಗಾಳಿಯ ವಾಲ್ವ್‌ಗಳಲ್ಲಿ ಕಾಯಿಲ್ ನೇರವಾಗಿ ಸ್ಪೂಲನ್ನು ತಳ್ಳುವುದಿಲ್ಲ. ಅದು ಪುಟ್ಟ ಕಿಂಡಿಯೊಂದನ್ನು ತೆರೆಯುತ್ತದೆ, ಲೈನಿನ ಗಾಳಿಯೇ ಒಳನುಗ್ಗಿ ಸ್ಪ್ರಿಂಗಿನ ವಿರುದ್ಧ ಸ್ಪೂಲನ್ನು ಸರಿಸುತ್ತದೆ. ಇದಕ್ಕೆ ಸಾಮಾನ್ಯವಾಗಿ ಸುಮಾರು 2 ಬಾರ್ ಒತ್ತಡವಾದರೂ ಬೇಕು. ಕಂಪ್ರೆಸರ್ ಆಗಷ್ಟೇ ಚಾಲೂ ಆಗಿರುವಾಗ ಅಷ್ಟು ಒತ್ತಡ ಇರುವುದಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇನ್ನೊಂದು ಕಾರಣ ಸೇರುತ್ತದೆ. ನಮ್ಮ ಕರಾವಳಿಯ ಒದ್ದೆ ಗಾಳಿಯನ್ನು ಕಂಪ್ರೆಸರ್ ಹಿಂಡಿದಾಗ ಟ್ಯಾಂಕಿನಲ್ಲಿ ನೀರು ನಿಲ್ಲುತ್ತದೆ. ದಿನವೂ ಕೆಳಗಿನ ಡ್ರೈನ್ ತೆರೆಯದಿದ್ದರೆ ಆ ನೀರು ವಾಲ್ವ್‌ವರೆಗೂ ಬಂದು ಗ್ರೀಸನ್ನು ತೊಳೆದು ಸ್ಪ್ರಿಂಗಿಗೆ ತುಕ್ಕು ಹಿಡಿಸುತ್ತದೆ. ಸ್ಪ್ರಿಂಗಿನ ಬದಿಯಲ್ಲಿ ಉಸಿರಾಡುವ ಸಣ್ಣ ರಂಧ್ರವಿರುವ ವಾಲ್ವ್‌ಗಳೂ ಇವೆ. ಯಂತ್ರಕ್ಕೆ ಬಣ್ಣ ಹೊಡೆಯುವಾಗ ಅದು ಮುಚ್ಚಿಹೋದರೆ ಸ್ಪೂಲ್ ಚಲಿಸಲು ತಡವರಿಸುತ್ತದೆ. ಒಂದು ಸೂಜಿಯಿಂದ ಸರಿಯಾಗುವ ಕೆಲಸಕ್ಕೆ ಹೊಸ ವಾಲ್ವ್ ಕೊಂಡವರಿದ್ದಾರೆ.

ಕುಚ್ಚಲಕ್ಕಿ ಮಿಲ್ಲಿನ ಬಣ್ಣ ವಿಂಗಡಿಸುವ ಯಂತ್ರದಲ್ಲೂ ಇಂಥದ್ದೇ ವಾಲ್ವ್ ಇದೆಯೇ?

ಇದೆ, ಆದರೆ ಅತಿ ವೇಗದ್ದು. ಕಪ್ಪು ಕಾಳನ್ನು ಕಂಡ ಕೂಡಲೇ ಗಾಳಿ ಊದಿ ಮತ್ತೆ ಮುಚ್ಚಿಕೊಳ್ಳುತ್ತದೆ. ಅವನ್ನು ಬಿಚ್ಚಿ ದುರಸ್ತಿ ಮಾಡಲು ಹೋಗಬೇಡಿ. ಒಣ, ಶುದ್ಧ ಗಾಳಿ ಕೊಡಿ, ಕೆಟ್ಟದ್ದನ್ನು ಬದಲಿಸಿ.

ಸ್ಪ್ರಿಂಗ್ ಇದೆ ಎಂದ ಮೇಲೆ ಯಂತ್ರ ಸುರಕ್ಷಿತವಲ್ಲವೇ?

ಅಲ್ಲ. ಸ್ಪ್ರಿಂಗ್ ದಣಿದು ಮುರಿಯಬಹುದು, ಸ್ಪೂಲ್ ಸಿಕ್ಕಿಕೊಳ್ಳಬಹುದು. ಒಳ್ಳೆಯ ವಾಲ್ವ್‌ಗಳಲ್ಲಿ ಒತ್ತಿದಾಗ ಕುಗ್ಗುವ, ಸುತ್ತಲೂ ಆಧಾರವಿರುವ ಸ್ಪ್ರಿಂಗ್ ಹಾಕಿರುತ್ತಾರೆ. ಸುತ್ತುಗಳ ನಡುವಿನ ಅಂತರ ತಂತಿಯ ದಪ್ಪಕ್ಕಿಂತ ಕಡಿಮೆ ಇದ್ದರೆ, ಮುರಿದರೂ ಒಂದು ತುಂಡು ಇನ್ನೊಂದರೊಳಗೆ ಸೇರಿಕೊಳ್ಳದೆ ತಳ್ಳುವ ಬಲ ಸ್ವಲ್ಪವಾದರೂ ಉಳಿಯುತ್ತದೆ. ಆದರೂ ಕಾರ್ಮಿಕರು ಕೈ ಹಾಕಿ ತಗಡು ಇಡುವ ಪ್ರೆಸ್‌ನಂಥ ಯಂತ್ರಕ್ಕೆ ಒಂದೇ ವಾಲ್ವ್ ಸಾಲದು. ಎರಡು ವಾಲ್ವ್‌ಗಳು ಜೊತೆಯಾಗಿ ಕೆಲಸ ಮಾಡುವ, ಒಂದು ಮರಳದಿದ್ದರೆ ಮುಂದಿನ ಹೊಡೆತವನ್ನೇ ತಡೆಯುವ ಜೋಡಿ ವಾಲ್ವ್ ಬೇಕು. ಅದರ ಬೆಲೆ ಹೆಚ್ಚು ಎಂದು ಹೇಳುವ ಮಾಲೀಕರಿಗೆ ನಾನು ಪ್ರತಿಸಲವೂ ಹೇಳುತ್ತೇನೆ: ಬೆರಳುಗಳಿಗೆ ಬಿಡಿಭಾಗ ಸಿಗುವುದಿಲ್ಲ.

ಹೈಡ್ರಾಲಿಕ್ ವಾಲ್ವ್ ಬಿಚ್ಚುವ ಮುಂಚೆ ಏನೇನು ಮಾಡಬೇಕು?

ಭಾರ ಇಳಿಸಿ, ಪಂಪ್ ನಿಲ್ಲಿಸಿ ಮೇನ್ ಸ್ವಿಚ್ಚಿಗೆ ಬೀಗ ಹಾಕಿ, ಅಕ್ಯುಮುಲೇಟರ್ (ಒತ್ತಡದ ಎಣ್ಣೆಯನ್ನು ಕೂಡಿಟ್ಟುಕೊಳ್ಳುವ ಪಾತ್ರೆ) ಇದ್ದರೆ ಅದರ ಒತ್ತಡ ಖಾಲಿ ಮಾಡಿ, ಗೇಜ್ ಸೊನ್ನೆಗೆ ಬಂದಿದೆಯೇ ನೋಡಿ. ಸೋರಿಕೆಯನ್ನು ಬೆರಳಿನಿಂದ ಹುಡುಕಬೇಡಿ. ಸೂಜಿಯಷ್ಟು ತೆಳುವಾದ ಎಣ್ಣೆಯ ಧಾರೆ ಚರ್ಮ ತೂರಿ ಒಳಹೋಗುತ್ತದೆ. ಗಾಯ ಚುಕ್ಕೆಯಷ್ಟೇ ಕಂಡರೂ, ನೋವೇ ಇಲ್ಲದಿದ್ದರೂ ಕೂಡಲೇ ಆಸ್ಪತ್ರೆಗೆ ಹೋಗಿ ಎಣ್ಣೆ ಒಳಹೊಕ್ಕಿದೆ ಎಂದು ಸ್ಪಷ್ಟವಾಗಿ ಹೇಳಿ. ತಡವಾದರೆ ಬೆರಳನ್ನೇ ಕಳೆದುಕೊಳ್ಳುವ ಸ್ಥಿತಿ ಬರುತ್ತದೆ.

ಮನೆಯ ಬಾವಿಯ ಪಂಪಿಗೆ ಸ್ಪ್ರಿಂಗ್ ಇರುವ ನಾನ್ ರಿಟರ್ನ್ ವಾಲ್ವ್ ಒಳ್ಳೆಯದೇ?

ನೀರು ಮೇಲಕ್ಕೆ ಹೋಗುವ ಪೈಪಿನಲ್ಲಿ ಒಳ್ಳೆಯದು. ಬಾಗಿಲಿನಂತೆ ಬೀಳುವ ಸ್ಪ್ರಿಂಗ್ ಇಲ್ಲದ ಬಗೆ ನೀರು ಹಿಂದಕ್ಕೆ ಹರಿಯತೊಡಗಿದ ಮೇಲೆ ಧಡ್ ಎಂದು ಮುಚ್ಚುತ್ತದೆ, ಪೈಪು ಅದುರುತ್ತದೆ. ಸ್ಪ್ರಿಂಗ್ ಇರುವುದು ಹರಿವು ನಿಲ್ಲುತ್ತಿದ್ದಂತೆಯೇ ಮುಚ್ಚಿಕೊಳ್ಳುತ್ತದೆ, ಅಡ್ಡ, ಉದ್ದ ಹೇಗೆ ಬೇಕಾದರೂ ಕೂರಿಸಬಹುದು.

ಬಾವಿಯೊಳಗೆ ಇಳಿಯುವ ಹೀರುವ ಪೈಪಿನಲ್ಲಿ ಮಾತ್ರ ಎಚ್ಚರ. ದಡದ ಮೇಲಿರುವ ಪಂಪು ಪ್ರಾಯೋಗಿಕವಾಗಿ ಸುಮಾರು 7 ಮೀಟರ್ ಆಳದಿಂದಷ್ಟೇ ನೀರು ಎಳೆಯಬಲ್ಲದು. ವಾಲ್ವ್ ತೆರೆಯಲು 0.1 ಬಾರ್ ಬೇಕಾದರೆ ಅದರಲ್ಲಿ ಸುಮಾರು 1 ಮೀಟರ್ ಅಲ್ಲೇ ಹೋಯಿತು. ಮಳೆಗಾಲದಲ್ಲಿ ಬಾವಿ ತುಂಬಿರುವಾಗ ಇದು ತಿಳಿಯುವುದಿಲ್ಲ. ಏಪ್ರಿಲ್–ಮೇಯಲ್ಲಿ ಮುರಕಲ್ಲಿನ ಬಾವಿಯ ನೀರು ತಳ ಸೇರಿದಾಗ ಪಂಪು ಎಳೆಯುವುದನ್ನೇ ನಿಲ್ಲಿಸುತ್ತದೆ. ಅಲ್ಲಿ ಜಾಲರಿಯಿರುವ, ಹಗುರ ಸ್ಪ್ರಿಂಗಿನ ಅಥವಾ ಸ್ಪ್ರಿಂಗೇ ಇಲ್ಲದ ಫುಟ್ ವಾಲ್ವ್ ಹಾಕಿ. ಸಮುದ್ರಕ್ಕೆ ಹತ್ತಿರದ, ನೀರು ಉಪ್ಪಾಗುವ ಬಾವಿಗಳಿಗೆ ಸ್ಪ್ರಿಂಗ್ 316 ದರ್ಜೆಯ ಸ್ಟೇನ್‌ಲೆಸ್ ಆಗಿರಲಿ. 304 ಅಲ್ಲಿ ಚುಕ್ಕೆ ಚುಕ್ಕೆಯಾಗಿ ಕೊರೆದುಹೋಗುತ್ತದೆ.

ಹೊಸ ವಾಲ್ವ್ ತರಿಸಲು ಏನೇನು ತಿಳಿಸಬೇಕು?

ಹಳೆಯ ವಾಲ್ವ್‌ನ ತಗಡಿನ ಸ್ಪಷ್ಟ ಫೋಟೊ, ಪಂಪಿನ ಹರಿವು, ರಿಲೀಫ್ ವಾಲ್ವ್ ಇಟ್ಟಿರುವ ಒತ್ತಡ, ಕಾಯಿಲ್‌ನ ವೋಲ್ಟೇಜ್ ಮತ್ತು ಅದು ಎಸಿಯೋ ಡಿಸಿಯೋ. ತಗಡು ತುಕ್ಕು ಹಿಡಿದು ಓದಲಾಗದಿದ್ದರೆ ವಾಲ್ವನ್ನೇ ತನ್ನಿ. ನಾಲ್ಕೂ ಪೋರ್ಟುಗಳಿಗೆ ಒಂದೊಂದಾಗಿ ಕಡಿಮೆ ಒತ್ತಡದ ಗಾಳಿ ಊದಿ, ಸ್ಪ್ರಿಂಗಿನ ಸ್ಥಾನದಲ್ಲಿ ಯಾವುದು ಯಾವುದಕ್ಕೆ ತೆರೆದಿದೆ ಎಂದು ಕಂಡುಕೊಳ್ಳಬಹುದು. ಜೊತೆಗೆ ಕರೆಂಟು ಹೋದಾಗ ನಿಮ್ಮ ಸಿಲಿಂಡರ್ ಮುಂದೆ ಹೋಗಬೇಕೋ, ಹಿಂದೆ ಬರಬೇಕೋ, ಇದ್ದಲ್ಲೇ ನಿಲ್ಲಬೇಕೋ ಎಂಬುದನ್ನು ಒಂದು ಸಾಲಿನಲ್ಲಿ ಬರೆದು ಕಳುಹಿಸಿ.